ಯಾಂಬುಕುವಿನ ಐದು ಸಿರಿಂಜುಗಳು

ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ದಾದಿಯರ ಕೈಗೆ ಐದು ಸಿರಿಂಜು, ಐದು ಸೂಜಿ ಬರುತ್ತಿದ್ದವು. ಹೊರರೋಗಿಗಳಿಗೆ, ವಾರ್ಡಿನಲ್ಲಿ ಮಲಗಿದವರಿಗೆ, ತಪಾಸಣೆಗೆ ಬಂದ ಬಸುರಿಯರಿಗೆ, ಎಲ್ಲರಿಗೂ ಅವೇ ಐದು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಅಲುಬಿ ಮುಂದಿನವರಿಗೆ ಚುಚ್ಚುತ್ತಿದ್ದರು. ಸಂಜೆ ಕೆಲವೊಮ್ಮೆ ಕುದಿಸುತ್ತಿದ್ದರು, ಕೆಲವೊಮ್ಮೆ ಇಲ್ಲ. 1976ರಲ್ಲಿ, ಆಗ ಜಾಯಿರ್ ಎನ್ನಿಸಿಕೊಳ್ಳುತ್ತಿದ್ದ ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಉತ್ತರಕ್ಕಿರುವ ಯಾಂಬುಕು ಎಂಬ ಹಳ್ಳಿಯ ಕ್ಯಾಥೊಲಿಕ್ ಮಿಷನ್ ಆಸ್ಪತ್ರೆ ನಡೆಯುತ್ತಿದ್ದದ್ದು ಹೀಗೆ.

ಬೆಲ್ಜಿಯಂನ ಮಿಷನರಿಗಳು 1935ರಲ್ಲಿ ಕಟ್ಟಿದ ಮಿಷನ್ ಅದು. ಆಸ್ಪತ್ರೆಯಲ್ಲಿ 120 ಹಾಸಿಗೆ, 17 ಸಿಬ್ಬಂದಿ. ವೈದ್ಯರು ಒಬ್ಬರೂ ಇರಲಿಲ್ಲ. ದಾದಿಯರಾಗಿ, ಸೂಲಗಿತ್ತಿಯರಾಗಿ ದುಡಿಯುತ್ತಿದ್ದವರಲ್ಲಿ ಬೆಲ್ಜಿಯಂನಿಂದ ಬಂದ ಧರ್ಮಭಗಿನಿಯರಿದ್ದರು. ಊರು, ಭಾಷೆ, ಬಂಧುಬಳಗ ಎಲ್ಲ ಬಿಟ್ಟು ಮಳೆಕಾಡಿನ ನಡುವೆ ಬದುಕು ಕಟ್ಟಿಕೊಂಡವರು. ತಿಂಗಳಿಗೆ 6,000ದಿಂದ 12,000 ಹೊರರೋಗಿಗಳು ಬರುತ್ತಿದ್ದರು, ಅಂದರೆ ದಿನಕ್ಕೆ 200ರಿಂದ 400. ಹೆಚ್ಚುಕಡಿಮೆ ಎಲ್ಲ ಔಷಧಿಯನ್ನೂ ಇಂಜೆಕ್ಷನ್ ರೂಪದಲ್ಲೇ ಕೊಡುವುದು ಅಲ್ಲಿನ ರೂಢಿ. ಜನರೂ ಅದನ್ನೇ ಬಯಸಿ ಬರುತ್ತಿದ್ದರು. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ ಎನ್ನುವ ನಂಬಿಕೆ ನಮ್ಮ ಹಳ್ಳಿಗಳಲ್ಲೂ ಇರುವುದರಿಂದ ಇದು ನಮಗೆ ಅರ್ಥವಾಗದ ಮಾತೇನಲ್ಲ.

ಆಗಸ್ಟ್ 26ರಂದು ಮಿಷನ್ ಶಾಲೆಯ 44 ವರ್ಷದ ಮೇಷ್ಟ್ರೊಬ್ಬರು ಜ್ವರವೆಂದು ಬಂದರು. ಮಲೇರಿಯಾ ಇರಬೇಕೆಂದು ಕ್ಲೋರೋಕ್ವಿನ್ ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯಿತು. ಸೆಪ್ಟೆಂಬರ್ 1ಕ್ಕೆ ಮತ್ತೆ ಏರಿತು. ಸೆಪ್ಟೆಂಬರ್ 8ಕ್ಕೆ ಅವರು ತೀರಿಕೊಂಡರು. ಅಷ್ಟರಲ್ಲಿ ಅದೇ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಪಡೆದಿದ್ದ ಬೇರೆಯವರೂ ಮಲಗಿದ್ದರು. ಆರೈಕೆ ಮಾಡಿದ ಸಿಸ್ಟರ್ ಬೆಯಾಟ ಸೆಪ್ಟೆಂಬರ್ 19ರಂದು ಸತ್ತರು. ಸಿಸ್ಟರ್ ಮಿರಿಯಮ್ ಅವರನ್ನು ರಾಜಧಾನಿ ಕಿನ್ಶಾಸಕ್ಕೆ ಸಾಗಿಸಿದರು. ತಿಂಗಳ ಕೊನೆಗೆ ಅವರೂ ಹೋದರು. ಜೊತೆಗೆ ಹೋಗಿದ್ದ ಸಿಸ್ಟರ್ ಎಡ್ಮೊಂಡ ಅವರನ್ನೂ, ಅಲ್ಲಿ ಶುಶ್ರೂಷೆ ಮಾಡಿದ ಮಯಿಂಗಾ ಎಂಬ ಕಾಂಗೋದ ತರುಣ ದಾದಿಯನ್ನೂ ಅದೇ ರೋಗ ಕೊಂಡೊಯ್ದಿತು. 17 ಸಿಬ್ಬಂದಿಯಲ್ಲಿ 11 ಮಂದಿ ಸತ್ತ ಮೇಲೆ ಆಸ್ಪತ್ರೆ ಬಾಗಿಲು ಹಾಕಿತು. ಬಾಗಿಲು ಹಾಕಿದ ಮೇಲೆಯೇ ರೋಗ ಇಳಿಮುಖವಾಯಿತು.

ಬೆಲ್ಜಿಯಂನ ಆಂಟ್‌ವರ್ಪಿಗೆ ಥರ್ಮಾಸ್ ಫ್ಲಾಸ್ಕಿನಲ್ಲಿ ಹೋದ ರಕ್ತದ ಮಾದರಿಯಿಂದ ಇದು ಹೊಸ ವೈರಸ್ ಎಂದು ತಿಳಿಯಿತು. ಹಳ್ಳಿಗೆ ಕಳಂಕ ಅಂಟದಿರಲೆಂದು ಆ ಪ್ರದೇಶದ ನದಿಯ ಹೆಸರಿಟ್ಟರು: ಎಬೋಲ. ಒಟ್ಟು 318 ಪ್ರಕರಣ, 280 ಸಾವು. ಹೇಗೆ ತಗುಲಿತೆಂದು ಪತ್ತೆಯಾದ 288 ಮಂದಿಯಲ್ಲಿ 85 ಜನರಿಗೆ ಯಾಂಬುಕುವಿನ ಇಂಜೆಕ್ಷನ್ ಒಂದೇ ಮೂಲ. ಹಾಗೆ ಸೂಜಿಯಿಂದಷ್ಟೇ ತಗುಲಿಸಿಕೊಂಡವರಲ್ಲಿ ಒಬ್ಬರೂ ಉಳಿಯಲಿಲ್ಲ. ಎಲ್ಲರಿಗಿಂತ ಹೆಚ್ಚು ಕಾಯಿಲೆ ಬಿದ್ದವರು 15ರಿಂದ 29 ವಯಸ್ಸಿನ ಹೆಂಗಸರು. ಅವರಲ್ಲಿ ಎಷ್ಟೋ ಜನ ಬಸುರಿಯರು. ರೋಗವಿಲ್ಲದೆ, ಶಕ್ತಿಗೆಂದು ಕೊಡುವ ವಿಟಮಿನ್ ಇಂಜೆಕ್ಷನ್ನಿಗೆ ಬಂದವರು.

ಈ ಪ್ರಕರಣವನ್ನು ಹೇಳುವವರಲ್ಲಿ ಒಂದು ಪಂಗಡ ಸೋದರಿಯರ ಬಲಿದಾನವನ್ನಷ್ಟೇ ಹೇಳುತ್ತದೆ, ಇನ್ನೊಂದು ಅವರ ಸೂಜಿಯನ್ನಷ್ಟೇ. ನನಗೆ ಎರಡನ್ನೂ ಒಟ್ಟಿಗೆ ಎದುರಿಗಿಟ್ಟುಕೊಂಡು ನೋಡದೆ ಗತ್ಯಂತರವಿಲ್ಲ. ಸೋದರಿಯರು ತಪ್ಪು ಮಾಡಿದರು. ವೈರಸ್ ಹೊಸದು, ನಿಜ. ಅದನ್ನು ಅವರು ತಿಳಿದಿರಲು ಸಾಧ್ಯವೇ ಇರಲಿಲ್ಲ. ಆದರೆ ಸೂಜಿಯನ್ನು ಕುದಿಸಬೇಕೆಂಬುದು ಹೊಸ ವಿದ್ಯೆಯಲ್ಲ. ಅಂತಾರಾಷ್ಟ್ರೀಯ ತನಿಖಾ ತಂಡದ ವರದಿಯಲ್ಲಿ ಒಂದು ವಾಕ್ಯವಿದೆ, ನನ್ನನ್ನು ಕಾಡುವುದು ಅದೇ: ಅದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಗೆ ಬೇರೆಯೇ ಸಿರಿಂಜುಗಳಿದ್ದವು, ಸಾಕಷ್ಟಿದ್ದವು, ಪ್ರತಿ ಸಲವೂ ಆಟೋಕ್ಲೇವಿನಲ್ಲಿ ಶುದ್ಧವಾಗುತ್ತಿದ್ದವು. ಒಂದೇ ಸೂರಿನಡಿ ಎರಡು ಪದ್ಧತಿ. ಏನು ಮಾಡಬೇಕೆಂದು ಗೊತ್ತಿತ್ತು. ಹೊರಗೆ ಸಾಲಿನಲ್ಲಿ ನಿಂತವರಿಗೆ ಅದನ್ನು ಮಾಡುತ್ತಿರಲಿಲ್ಲ.

ಯಾಕೆ? ಸೋಮಾರಿತನವೆನ್ನಲು ಬಾಯಿ ಬರುವುದಿಲ್ಲ. ಸೋಮಾರಿಗಳು ರೋಗಿಯ ಪಕ್ಕದಲ್ಲಿ ಕೂತು ಸಾಯುವುದಿಲ್ಲ. ನನಗೆ ತೋರುವ ಕಾರಣ ಇದು: ಐದು ಸೂಜಿಗಳನ್ನು ಪ್ರತಿ ಸಲವೂ ಕುದಿಸುವುದಾದರೆ ದಿನಕ್ಕೆ ನೋಡಲಾಗುವುದು ಕೆಲವೇ ಮಂದಿಯನ್ನು. ಉಳಿದವರಿಗೆ ಹೋಗಿ ಎನ್ನಬೇಕು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕಾಡುಹಾದಿ ತುಳಿದು ಬಂದ ಹೆಂಗಸಿಗೆ, ಇವತ್ತು ಇಂಜೆಕ್ಷನ್ ಇಲ್ಲ, ನಿನಗೆ ಅದು ಬೇಕಾಗಿಯೂ ಇಲ್ಲ ಎನ್ನಬೇಕು. ಕೊಡಲೆಂದೇ ಬಂದವರಿಗೆ ಇಲ್ಲವೆನ್ನುವುದು ಸಾವಿಗಿಂತ ಕಷ್ಟವಾದೀತು. ಕರುಣೆ ಕಣ್ಣೆದುರಿನ ಮುಖವನ್ನು ನೋಡುತ್ತದೆ. ಸೂಜಿಯ ತುದಿಯಲ್ಲಿ ಏನಿದೆಯೆಂದು ನೋಡಲು ಬೇರೊಂದು ಶಿಸ್ತು ಬೇಕು. ಆ ಶಿಸ್ತನ್ನು ನಾವು ಕರುಣೆಗಿಂತ ಕೆಳಗಿನದೆಂದು ಎಣಿಸಿಬಿಟ್ಟಿದ್ದೇವೆ.

ತಪ್ಪಿನ ಪಾಲು ಸೋದರಿಯರದ್ದಷ್ಟೇ ಅಲ್ಲ. 60,000 ಜನರ ಆರೋಗ್ಯವನ್ನು ವೈದ್ಯರಿಲ್ಲದ ಒಂದು ಆಸ್ಪತ್ರೆಯ ಮೇಲೆ ಹೊರಿಸಿ ಸುಮ್ಮನಿದ್ದ ಸರ್ಕಾರಕ್ಕೆ ಅದರಲ್ಲಿ ಪಾಲಿದೆ. ಸೇವೆಗೆ ಕಳಿಸಿ, ಸಿರಿಂಜು ಎಷ್ಟಿವೆಯೆಂದು ಲೆಕ್ಕ ಕೇಳದವರಿಗೂ ಇದೆ. ತ್ಯಾಗ ಮಾಡಿದವರನ್ನು ಪ್ರಶ್ನಿಸಲು ನಮಗೆಲ್ಲ ಸಂಕೋಚ. ತನಿಖೆಗೆ ಹೋದ ವಿಜ್ಞಾನಿಗಳಿಗೂ ಅದೇ ಆಯಿತು. ಅವರು ತಲುಪಿದಾಗ ಉಳಿದ ಸೋದರಿಯರು ಅತಿಥಿಗೃಹದ ಸುತ್ತ ಪಟ್ಟಿ ಕಟ್ಟಿ, ದಾಟಿದರೆ ಸಾಯುವಿರಿ ಎಂದು ಬರೆದು ಸಾವಿಗಾಗಿ ಕಾಯುತ್ತಿದ್ದರು. ಸೂಜಿಯೇ ಕಾರಣವೆಂದು ಅಂಥವರಿಗೆ ಹೇಗೆ ಹೇಳುವುದು? ತಂಡದಲ್ಲಿದ್ದ, ಆಗ 27ರ ಹರೆಯದ ಬೆಲ್ಜಿಯಂನ ಪೀಟರ್ ಪಿಯೋಟ್ ದಶಕಗಳ ಮೇಲೆ ಸಂದರ್ಶನವೊಂದರಲ್ಲಿ, ನಾವು ಮಾತುಗಳನ್ನು ಅತಿಯಾಗಿ ತೂಗಿ ಹೇಳಿದೆವು ಎಂದು ಒಪ್ಪಿಕೊಂಡರು. ಅವರ ಸಂಕಟ ನನಗೆ ತಿಳಿಯುತ್ತದೆ. ಆದರೂ ಸತ್ತ ಬಸುರಿಯರ ಕಡೆಯಿಂದ ನೋಡಿದರೆ ಆ ನಯ ಸರಿಯಲ್ಲ.

1995ರಲ್ಲಿ ಅದೇ ದೇಶದ ಕಿಕ್ವಿಟ್ ಎಂಬ ಊರಿಗೆ ಎಬೋಲ ಬಂತು. ಇಟಲಿಯ ಬೆರ್ಗಾಮೊದ ಬಡವರ ಸೋದರಿಯರ ಸಂಘದ ಆರು ಮಂದಿ ಏಪ್ರಿಲ್ 25ರಿಂದ ಮೇ 28ರೊಳಗೆ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಮೊದಲು ಹೋದ ಸಿಸ್ಟರ್ ಫ್ಲೊರಾಲ್ಬ 1952ರಿಂದ ಕಾಂಗೋದಲ್ಲಿದ್ದವರು, ಆಪರೇಷನ್ ಕೋಣೆಯ ದಾದಿ. ಅವರನ್ನು ನೋಡಿಕೊಳ್ಳಲು ಬಂದವರು ನಂತರ ಸತ್ತರು. ಇಲ್ಲಿ ಸೋದರಿಯರ ತಪ್ಪೇನಿಲ್ಲ. ಅವರಿಗೆ ಸಾಕಷ್ಟು ಕೈಗವಸುಗಳು ಇರಲಿಲ್ಲ. ಯಾಂಬುಕುವಿನ 19 ವರ್ಷಗಳ ನಂತರವೂ ಇರಲಿಲ್ಲ.

ಕರುಣೆಯ ಜೊತೆಗಿರಬೇಕಾದ ಆ ಶಿಸ್ತಿಗಾಗಿ ಕ್ಯಾಥೊಲಿಕ್ ಸೋದರಿಯರ ನಡುವೆಯೇ ಹೋರಾಡಿದವರಿದ್ದಾರೆ, ಅವರ ಹೆಸರು ನಮಗೆ ಅಷ್ಟಾಗಿ ಗೊತ್ತಿಲ್ಲ. ಆಸ್ಟ್ರಿಯಾದ ಡಾ. ಆನಾ ಡೆಂಗೆಲ್ 1920ರಲ್ಲಿ ರಾವಲ್ಪಿಂಡಿಗೆ ಬಂದಾಗ, ಪರದೆಯೊಳಗಿನ ಹೆಂಗಸರು ಪುರುಷ ವೈದ್ಯರ ಬಳಿ ಹೋಗಲಾರದೆ ಹೆರಿಗೆಯಲ್ಲಿ ಸಾಯುತ್ತಿದ್ದರು. ಸನ್ಯಾಸಿನಿಯರು ಹೆರಿಗೆ ಮಾಡಿಸುವುದಕ್ಕೆ, ವೈದ್ಯವೃತ್ತಿಗೆ ಚರ್ಚಿನ ನಿಯಮ ಅಡ್ಡಿಯಾಗಿತ್ತು. ಡೆಂಗೆಲ್ 1925ರಲ್ಲಿ ವಾಷಿಂಗ್ಟನ್ನಿನಲ್ಲಿ ವೈದ್ಯಕೀಯ ಮಿಷನ್ ಸೋದರಿಯರ ಸಂಘ ಕಟ್ಟಿದರು, ಬಿಡದೆ ಒತ್ತಾಯಿಸಿದರು. 1936ರಲ್ಲಿ ರೋಮ್ ಅನುಮತಿ ಕೊಟ್ಟಿತು. ಅದಕ್ಕೂ ಮೊದಲೇ ಪೋಪರ ವಿಶೇಷ ಅನುಮತಿ ಪಡೆದು ವೈದ್ಯೆಯಾಗಿ ದುಡಿದವರು ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ. 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಸನ್ಯಾಸಿನಿಯಾದರು. ಸ್ಥಳೀಯ ಹೆಣ್ಣುಮಕ್ಕಳಿಗೆ ದಾದಿಯರಾಗಿ, ಸೂಲಗಿತ್ತಿಯರಾಗಿ ತರಬೇತಿ ಕೊಟ್ಟರು. 1943ರಲ್ಲಿ ದೇಶದ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಸ್ಥಾಪಿಸಿದರು. ಸೇವೆಗೆ ಹೋಗುವವರಿಗೆ ಸರಿಯಾದ ವೈದ್ಯಕೀಯ ವಿದ್ಯೆ ಸಿಗುವ ಕಾಲೇಜು ಬೇಕೆಂಬುದು ಅವರ ಹಂಬಲ. 1957ರಲ್ಲಿ ಅವರು ತೀರಿಕೊಂಡದ್ದು ಬೆಂಗಳೂರಿನಲ್ಲಿ. ಆರು ವರ್ಷಗಳ ನಂತರ, 1963ರಲ್ಲಿ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಅದೇ ಊರಿನಲ್ಲಿ ಶುರುವಾಯಿತು. ಪದವಿ ಮುಗಿಸಿದವರು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬ ಕರಾರು ಅಲ್ಲಿ ಬಂದದ್ದು ಸುಮ್ಮನೆ ಅಲ್ಲ. ಬಡವರಿಗೆ ಪೂರ್ತಿ ವಿದ್ಯೆಯೇ ಸಲ್ಲಬೇಕು, ಅರೆಬರೆಯದಲ್ಲ ಎಂಬ ಹಟ ಅದರ ಹಿಂದಿದೆ.

ಮಿಷನ್ ಆಸ್ಪತ್ರೆಗೋ, ಮಠದ ಚಿಕಿತ್ಸಾಲಯಕ್ಕೋ, ಸೇವಾಶ್ರಮಕ್ಕೋ ನೀವು ದೇಣಿಗೆ ಕೊಡುವವರಾದರೆ ಒಂದು ವಿನಂತಿ. ಅಲ್ಲಿಯವರ ಪಾದಕ್ಕೆ ನಮಸ್ಕರಿಸಿ, ಅದಕ್ಕೆ ಅವರು ಅರ್ಹರು. ಆಮೇಲೆ ಉಪಕರಣ ಶುದ್ಧಿ ಮಾಡುವ ಕೋಣೆ ತೋರಿಸಲು ಹೇಳಿ. ಕೈಗವಸು ತಿಂಗಳಿಗೆ ಎಷ್ಟು ಬೇಕು, ಎಷ್ಟಿವೆ ಎಂದು ಕೇಳಿ. ಕೊರತೆ ಕಂಡರೆ ನಿಮ್ಮ ಹಣ ಮೊದಲು ಅಲ್ಲಿಗೆ ಹೋಗಲಿ.