ಕರೆದವರಿಲ್ಲದ ಕರೆ: ಕರ್ನಲ್ ಮತ್ತು ಅನುಪಲಬ್ಧಿ

ಒಂದು ವಸ್ತು ಇಲ್ಲವೆಂಬುದು ತಿಳಿಯುವುದು ಹೇಗೆ? ಕುಮಾರಿಲ ಭಟ್ಟನ ಮೀಮಾಂಸೆಯೂ ಅದ್ವೈತವೂ ಇದಕ್ಕಾಗಿ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿವೆ. ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಲಾಗದು. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿರಬೇಕು. ಬೆಳಕಿರುವ ನೆಲದ ಮೇಲೆ ಗಡಿಗೆ ಇಲ್ಲವೆಂದು ಹೇಳಬಹುದು, ಕತ್ತಲಲ್ಲಿ ಹೇಳಲಾಗದು. ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಬರೆಯುವವರಿಗೆ ಈ ಷರತ್ತು ಬರಿಯ ಶಾಸ್ತ್ರಚರ್ಚೆಯಲ್ಲ.

ಕೀಬೋರ್ಡ್, ಡಿಸ್ಕ್ ಮೊದಲಾದ ಸಾಧನಗಳು ಪ್ರೊಸೆಸರನ್ನು ಇಂಟರಪ್ಟ್ ಮೂಲಕ ಕರೆಯುತ್ತವೆ. ಕರೆ ಯಾರದೆಂದು ಒಂದು ಸಂಖ್ಯೆ ತಿಳಿಸುತ್ತದೆ. ಹಳೆಯ ಪಿಸಿಗಳ 8259 ಕಂಟ್ರೋಲರ್‌ನಲ್ಲಿ, ಪ್ರೊಸೆಸರ್ ಓಗೊಡುವಷ್ಟರಲ್ಲಿ ಸಂಕೇತ ಅಳಿದುಹೋದರೂ ಏನಾದರೊಂದು ಸಂಖ್ಯೆ ಕೊಡಲೇಬೇಕು. ಅದು 7 ಎನ್ನುತ್ತದೆ. ನಿಜವಾದ 7ಕ್ಕೂ ಈ 7ಕ್ಕೂ ನೋಟಕ್ಕೆ ಭೇದವಿಲ್ಲ. ಆಗ ಕರ್ನಲ್ ಕಂಟ್ರೋಲರ್‌ನ ಇನ್-ಸರ್ವಿಸ್ ರಿಜಿಸ್ಟರನ್ನು ಓದುತ್ತದೆ. ಕರೆ ನಿಜವಾಗಿದ್ದರೆ ಅಲ್ಲಿ 7ನೇ ಬಿಟ್ 1 ಆಗಿರಲೇಬೇಕು; 0 ಇದ್ದರೆ ಕರೆದವರಿಲ್ಲ. ಬೆಳಗಿದ ನೆಲವೆಂದರೆ ಇದೇ. ಕೆಲಸ ಮುಗಿಯಿತೆಂಬ ಸೂಚನೆಯನ್ನೂ ಆಗ ಕಳಿಸಬಾರದು. ಕಳಿಸಿದರೆ ಇನ್ನೂ ನಡೆಯುತ್ತಿರುವ ಬೇರೊಂದು ಕರೆಯ ಗುರುತು ಅಳಿದೀತು. ಮೊದಲನೆಯದರ ಮೂಲಕ ಕರೆಯುವ ಎರಡನೇ ಕಂಟ್ರೋಲರ್ ಕೊಟ್ಟ ಹುಸಿ 15 ಆದರೆ ಮೊದಲನೆಯದಕ್ಕೆ ಮಾತ್ರ ಸೂಚನೆ ಸಲ್ಲಬೇಕು, ಏಕೆಂದರೆ ಅದರ ಪಾಲಿಗೆ ಕರೆ ಬಂದದ್ದು ನಿಜ.

ಮೀಮಾಂಸೆಯ ಇನ್ನೊಂದು ಪಂಥದವರಾದ ಪ್ರಾಭಾಕರರು ‘ಇಲ್ಲ’ ಎಂಬ ಈ ಅರಿವನ್ನು ಒಪ್ಪಲಿಕ್ಕಿಲ್ಲ: ಅವರ ಮತದಲ್ಲಿ ಕಂಡದ್ದು ಬರಿಯ ನೆಲ, ಅಭಾವವೆಂಬ ಬೇರೆ ಪದಾರ್ಥವಿಲ್ಲ. ಆದರೆ ಕರ್ನಲ್ ‘ಇಲ್ಲ’ ಎಂಬುದನ್ನೇ ನಂಬಿ ಮುಂದಿನ ಹೆಜ್ಜೆ ಇಡಬೇಕಾಗಿರುವುದರಿಂದ ಇಲ್ಲಿ ಕುಮಾರಿಲನ ಅನುಯಾಯಿಗಳಾದ ಭಾಟ್ಟರ ವಾದವೇ ಹೆಚ್ಚು ಹೊಂದುತ್ತದೆ.

ಒಂದೇ ಇಂಟರಪ್ಟ್ ಲೈನನ್ನು ಹಲವು ಸಾಧನಗಳು ಹಂಚಿಕೊಂಡಾಗ ಮಾತ್ರ ಕಷ್ಟ. ಲಿನಕ್ಸ್ ಕರ್ನಲ್ ಆ ಲೈನಿನ ಸಾಧನಗಳನ್ನು ನಡೆಸುವ ಡ್ರೈವರ್‌ಗಳನ್ನೆಲ್ಲ ಕೇಳುತ್ತದೆ. ಎಲ್ಲವೂ ‘ನನ್ನದಲ್ಲ’ ಎನ್ನಬಹುದು. ಅಷ್ಟಕ್ಕೇ ಯಾರೂ ಕರೆಯಲಿಲ್ಲವೆಂದು ತೀರ್ಮಾನಿಸಲಾಗದು, ಡ್ರೈವರೇ ಇಲ್ಲದ ಸಾಧನವೊಂದು ಕರೆದಿರಬಹುದು. ಹಾಗಾಗಿ ಲಿನಕ್ಸ್ ಕಾಯುತ್ತದೆ. 1,00,000 ಕರೆಗಳಲ್ಲಿ 99,900ಕ್ಕಿಂತ ಹೆಚ್ಚಿನವಕ್ಕೆ ಹಕ್ಕುದಾರರಿಲ್ಲದಿದ್ದರೆ ಮಾತ್ರ ಲೈನನ್ನು ಮುಚ್ಚುತ್ತದೆ. ಇದು ಅರಿವಲ್ಲ, ವ್ಯವಹಾರಕ್ಕೆ ಬೇಕಾದ ನಿರ್ಧಾರ; ಎರಡನ್ನೂ ಒಂದೆಂದು ತಿಳಿಯಬಾರದು.

ಅಭಾವದ ಗುರುತೂ ಕೆಡಬಹುದು. ಇಂಟರಪ್ಟ್ ಸಂಖ್ಯೆ ಸಿಗದಿದ್ದಾಗ ಲಿನಕ್ಸ್‌ನ ಫಂಕ್ಷನ್‌ಗಳು ಋಣ ಸಂಖ್ಯೆಯೊಂದನ್ನು, ಉದಾಹರಣೆಗೆ −6 ಅನ್ನು, ಹಿಂತಿರುಗಿಸುವುದುಂಟು. ಆ −6 ಅನ್ನು ಚಿಹ್ನೆಯಿಲ್ಲದ 32 ಬಿಟ್ ವೇರಿಯಬಲ್‌ನಲ್ಲಿಟ್ಟರೆ 4294967290 ಆಗಿಬಿಡುತ್ತದೆ. ‘ಸೊನ್ನೆಗಿಂತ ಕಡಿಮೆಯೇ’ ಎಂಬ ಪರೀಕ್ಷೆ ಆಮೇಲೆ ಎಂದೂ ನಿಜವಾಗದು. ಅಂಥ ಸಂಖ್ಯೆಯನ್ನು ಚಿಹ್ನೆಯಿರುವ ವೇರಿಯಬಲ್‌ನಲ್ಲೇ ಇಟ್ಟು, ಪರೀಕ್ಷಿಸಿ, ಅನಂತರ ಬಳಸಬೇಕು.