ಕರಿಬೇವಿನ ಗಿಡದ ಮುಂದೆ ಒಂದು ಪ್ರಶ್ನೆ

ನಿಮ್ಮ ಮನೆಯ ಹಿತ್ತಿಲಲ್ಲಿ, ಇಲ್ಲವೇ ಮಹಡಿಯ ಕುಂಡದಲ್ಲಿ, ಒಂದು ಕರಿಬೇವಿನ ಗಿಡ ಇರಬಹುದು. ಅದರ ಚಿಗುರನ್ನು ಮೇಯುವ ಹಸಿರು ಹುಳು ಕಣ್ಣಿಗೆ ಬಿದ್ದಾಗ ನೀವೇನು ಮಾಡುತ್ತೀರಿ? ಕಿತ್ತು ನೆಲಕ್ಕೆ ಹಾಕಿ ಹೊಸಕುತ್ತೀರಿ. ನಾನೂ ಬಹಳ ವರ್ಷ ಅದನ್ನೇ ಮಾಡಿದ್ದೇನೆ. ಒಗ್ಗರಣೆಗೆ ಎಲೆ ಬೇಕಲ್ಲ! ಅದೇ ಸಂಜೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಸಿದ ಹುಳುವೊಂದು ತಿಂದು ತಿಂದು ಚಿಟ್ಟೆಯಾದ ಚಿತ್ರಪುಸ್ತಕವನ್ನು ಅಕ್ಕರೆಯಿಂದ ಓದಿ ಹೇಳುತ್ತೇವೆ. ಬೆಳಿಗ್ಗೆ ಕಾಲಡಿಯಲ್ಲಿ ಅಳಿದದ್ದೂ ಇದೇ ಅಲ್ಲವೇ ಎಂದು ಮಗು ಕೇಳಿದರೆ ನಮ್ಮ ಉತ್ತರವೇನು?

ಆ ಪುಸ್ತಕವನ್ನು ಬರೆದು ಚಿತ್ರಿಸಿದವರು ಅಮೆರಿಕದ ಎರಿಕ್ ಕಾರ್ಲ್ (1929–2021). 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಎಂಬ ಹೆಸರಿನಲ್ಲಿ ಅದು 1969ರಲ್ಲಿ ಪ್ರಕಟವಾಯಿತು. ಹುಳು ಕೊರೆದ ತೂತುಗಳು ಪುಟಗಳಲ್ಲೇ ಇವೆ. ಮಗುವಿನ ಬೆರಳು ತಾನಾಗಿ ಅವುಗಳೊಳಗೆ ಹೋಗುತ್ತದೆ. ಬಾಲ್ಯದಲ್ಲಿ ಕಾರ್ಲ್ ಅವರನ್ನು ತಂದೆ ಹುಲ್ಲುಗಾವಲು, ಕಾಡುಗಳಲ್ಲಿ ಸುತ್ತಾಡಿಸುತ್ತಿದ್ದರು. ಕಲ್ಲೊಂದನ್ನು ಎತ್ತಿ, ತೊಗಟೆಯೊಂದನ್ನು ಬಿಡಿಸಿ, ಅಡಿಯಲ್ಲಿ ಹರಿದಾಡುವ ಜೀವಿಗಳನ್ನು ತೋರಿಸಿ, ಅವುಗಳ ಬಾಳನ್ನು ವಿವರಿಸಿ, ಕೊನೆಗೆ ಆ ಪುಟ್ಟ ಜೀವಿಯನ್ನು ಜೋಪಾನವಾಗಿ ಅದರ ನೆಲೆಗೇ ಮರಳಿಸುತ್ತಿದ್ದರು. ಮುಂದೆ ಈ ತಂದೆ ಜರ್ಮನ್ ಸೇನೆಯಲ್ಲಿ ದುಡಿಯಬೇಕಾಗಿ ಬಂದು, ಸೋವಿಯತ್ ಸೆರೆಯಲ್ಲಿದ್ದು, 1947ರಲ್ಲಿ ಜರ್ಜರಿತರಾಗಿ ಮನೆಗೆ ಮರಳಿದರು. ಆದರೂ ಮಗನ ನೆನಪಿನಲ್ಲಿ ಆ ನಡಿಗೆಗಳು ಅಳಿಯಲಿಲ್ಲ. ಅವರ ಪುಸ್ತಕಗಳಿಗಿಂತ ತಂದೆಯ ಆ ಕಡೆಯ ಕ್ರಿಯೆಯೇ, ಎತ್ತಿದ್ದನ್ನು ಮರಳಿ ಇಡುವುದೇ, ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಪುಸ್ತಕದಲ್ಲಿ ಒಂದು ತಪ್ಪಿದೆ. ಅದರ ಹುಳು ತನ್ನ ಸುತ್ತ ಗೂಡು ಕಟ್ಟಿಕೊಂಡು ಚಿಟ್ಟೆಯಾಗಿ ಹೊರಬರುತ್ತದೆ. ನೂಲಿನ ಗೂಡು ಸಾಮಾನ್ಯವಾಗಿ ಪತಂಗದ್ದು. ರಾಮನಗರದ ಮಾರುಕಟ್ಟೆಯಲ್ಲಿ ರಾಶಿ ಬೀಳುವ ರೇಷ್ಮೆಗೂಡು ಅಂಥದ್ದು. (ಆ ಗೂಡಿನಿಂದ ಪತಂಗ ಹೊರಬರಲು ನಾವು ಬಿಡುವುದಿಲ್ಲ, ಬಿಟ್ಟರೆ ನೂಲು ತುಂಡಾಗುತ್ತದೆ, ಮದುವೆಯ ಸೀರೆಯ ಮುಂದೆ ಈ ಮಾತನ್ನು ನಾವಾರೂ ಎತ್ತುವುದಿಲ್ಲ.) ಕರಿಬೇವಿನ ಹುಳುವಾದರೋ ಕಡ್ಡಿಗೆ ತನ್ನನ್ನು ನೂಲಿನಿಂದ ಬಿಗಿದುಕೊಂಡು, ಸೊಂಟಕ್ಕೊಂದು ಎಳೆ ಸುತ್ತಿ, ಚರ್ಮ ಕಳಚಿ, ಬರಿಯ ಕೋಶವಾಗಿ ನಿಲ್ಲುತ್ತದೆ. ಇಂಥ ತಪ್ಪನ್ನು ನಾನು ಸುಲಭವಾಗಿ ಕ್ಷಮಿಸಬಲ್ಲೆ. ಪುಸ್ತಕವನ್ನು ಹಿಡಿದು ಗಿಡದ ಬಳಿಗೆ ಹೋದ ಮಗು ಅದನ್ನು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಗಿಡದ ಬಳಿ ಹುಳುವೇ ಇರದಿದ್ದರೆ?

ಇರಲು ಬಿಟ್ಟರೆ ಅಲ್ಲಿ ಎಷ್ಟೊಂದು ಇದೆ! ನಿಂಬೆ, ಕರಿಬೇವಿನ ಎಲೆಗಳ ಮೇಲೆ ಮೊಟ್ಟೆಯಿಡುವ ಚಿಟ್ಟೆಯ ಮರಿ ಎಳೆಯದಾಗಿರುವಾಗ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಬಲಿತ ಮೇಲೆ ಎಲೆಯದೇ ಹಸಿರು. ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಹೊರಚಾಚಿ ಘಾಟು ಬೀರುತ್ತದೆ. ಚಿತ್ರಪುಸ್ತಕಗಳು ಸಾಮಾನ್ಯವಾಗಿ ಹೇಳದ ಸಂಗತಿಯೂ ಒಂದುಂಟು: ಕೆಲವೊಮ್ಮೆ ಕೋಶದಿಂದ ಚಿಟ್ಟೆಯ ಬದಲು ಪುಟ್ಟ ಕಣಜಗಳು ಹೊರಬರುತ್ತವೆ. ಅವು ಒಳಗೇ ಬೆಳೆದು ಚಿಟ್ಟೆಯಾಗಬೇಕಾದದ್ದನ್ನು ತಿಂದು ಮುಗಿಸಿರುತ್ತವೆ.

ಅಡುಗೆಗೆ ಬೇಕಾದ ಎಲೆಯನ್ನು ಕಾಪಾಡಿಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ರೈತನಿಗೆ ಹಾಗೆ ಹೇಳುವ ಧೈರ್ಯವಂತೂ ನನಗಿಲ್ಲ. ಮಗುವಿನ ಕಣ್ಣು ತಪ್ಪಿಸಿ ಕೊಲ್ಲುವುದು, ಬಳಿಕ ಅದರ ಮುಂದೆ ಹುಳುವನ್ನು ಮುದ್ದಿಸುವ ಕಥೆ ಓದುವುದು, ಇವೆರಡೂ ಒಂದೇ ಮನೆಯಲ್ಲಿ ನಡೆಯುವುದು ನನ್ನನ್ನು ಕಾಡುತ್ತದೆ. ಮಗು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಈ ಮಳೆಗಾಲದಲ್ಲಿ ಗಿಡದ ಒಂದು ರೆಂಬೆಯನ್ನಾದರೂ ಹುಳುವಿಗೆ ಬಿಟ್ಟುಕೊಟ್ಟು, ಕೋಶ ಕಟ್ಟಿದ ಕಡ್ಡಿಯನ್ನು ಮಗುವಿಗೆ ತೋರಿಸಿ, ಇಬ್ಬರೂ ಕಾಯಿರಿ. ಹೊರಬಂದದ್ದು ಕಣಜವಾಗಿ, ಮಗು ಅತ್ತರೆ, ಪುಸ್ತಕವನ್ನು ಪಕ್ಕಕ್ಕಿಟ್ಟು ಅದರ ಜೊತೆ ಗಿಡದ ಬುಡದಲ್ಲೇ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.