ಹೆದರಿದವರಿಗೆ ಜಾಗವೆಲ್ಲಿ?

ಆದಿ ಧರ್ಮಸಭೆ ಎಂದೊಡನೆ ನಮ್ಮ ನೆನಪಿಗೆ ಬರುವವರು ರಕ್ತಸಾಕ್ಷಿಗಳು. ಕಲ್ಲೇಟಿಗೆ ಬಲಿಯಾದ ಸ್ತೆಫನ, ಸ್ಮಿರ್ನಾದಲ್ಲಿ ಪ್ರಾಣ ಕೊಟ್ಟ ಮುದುಕ ಪಾಲಿಕಾರ್ಪ್, 203ರಲ್ಲಿ ಕಾರ್ಥೇಜಿನ ಅಖಾಡದಲ್ಲಿ ಸತ್ತ ಎಳೆಯ ತಾಯಿ ಪೆರ್ಪೆಟುವಾ. ಅವರ ಹೆಸರಿನಲ್ಲಿ ಹಬ್ಬಗಳಿವೆ, ದೇವಾಲಯಗಳಿವೆ. ನಾನೂ ಅವರ ಕತೆ ಕೇಳಿಕೊಂಡೇ ಬೆಳೆದವನು. ಆದರೆ ಆ ಕಾಲದ ಪತ್ರಗಳನ್ನು ಬೆಳಗಿನ ಹೊತ್ತು ದಿನಕ್ಕಿಷ್ಟು ಎಂದು ಓದುತ್ತ ಹೋದಂತೆ ನನ್ನ ಗಮನ ಬೇರೆ ಕೆಲವರ ಕಡೆಗೆ ತಿರುಗಿತು. ಅದೇ ಊರುಗಳಲ್ಲಿ, ಅದೇ ದಿನಗಳಲ್ಲಿ ಹೆದರಿದವರೂ ಇದ್ದರು. ಅಧಿಕಾರಿ ಹೇಳಿದಂತೆ ಮಾಡಿ, ಜೀವ ಉಳಿಸಿಕೊಂಡು, ಸಂಜೆ ಮನೆಗೆ ಹೋಗಿ ಮಕ್ಕಳಿಗೆ ಊಟ ಬಡಿಸಿದವರು. ಅವರ ಹೆಸರಿನಲ್ಲಿ ಹಬ್ಬವಿಲ್ಲ. ಮುಂದಿನ ಭಾನುವಾರ ಅವರು ಎಲ್ಲಿ ಕುಳಿತರು? ಅಥವಾ, ಅವರನ್ನು ಎಲ್ಲಿ ಕೂರಿಸಬೇಕಿತ್ತು?

ಈ ಪ್ರಶ್ನೆ ಕಲ್ಪನೆಯದಲ್ಲ. ಮೂರನೆಯ ಶತಮಾನದ ನಡುವಿನಲ್ಲಿ ಇಡೀ ಧರ್ಮಸಭೆಯನ್ನು ಎರಡಾಗಿ ಸೀಳಿದ ಪ್ರಶ್ನೆ ಇದು.

249ರಲ್ಲಿ ಡೆಸಿಯಸ್ ರೋಮಿನ ಚಕ್ರವರ್ತಿಯಾದ. ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಪ್ರತಿ ಊರಿನಲ್ಲೂ ಅದಕ್ಕೊಂದು ಸಮಿತಿ. ಅದರ ಮುಂದೆ ಬಲಿ ಕೊಟ್ಟು, ಪಾನೀಯ ಎರೆದು, ಬಲಿಯ ಮಾಂಸದ ರುಚಿ ನೋಡಿದರೆ ಒಂದು ಪತ್ರಕ್ಕೆ ಸಹಿ ಬೀಳುತ್ತಿತ್ತು. ಈಜಿಪ್ಟಿನ ಮರಳಿನಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಸಿಕ್ಕಿವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಅರ್ಜಿದಾರನ ಹೆಸರು, ಊರು, ಕೆಲವೊಮ್ಮೆ ವಯಸ್ಸು, ಮೈಮೇಲಿನ ಗುರುತು, ತಾನು ಎಂದಿನಿಂದಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು ಎಂಬ ಹೇಳಿಕೆ, ಕೊನೆಗೆ ಸಾಕ್ಷಿಗಳ ಸಹಿ. ನಮ್ಮ ತಾಲ್ಲೂಕು ಕಚೇರಿಯ ಅರ್ಜಿ ನಮೂನೆಯಷ್ಟೇ ಸಪ್ಪೆ. ಮನುಷ್ಯನ ಅಂತಃಸಾಕ್ಷಿಯನ್ನು ಮುರಿಯಲು ಯಾವಾಗಲೂ ಸಿಂಹಗಳು ಬೇಕಾಗುವುದಿಲ್ಲ, ಒಂದು ಫಾರಂ ಸಾಕಾಗುತ್ತದೆ.

ಬಹಳ ಮಂದಿ ಕ್ರೈಸ್ತರು ಸೋತರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅದನ್ನು ಮುಚ್ಚಿಡದೆ ಬರೆದಿದ್ದಾನೆ. ಬಂಧನಕ್ಕೂ ಕಾಯದೆ, ಯಾರೂ ಕರೆಯುವ ಮೊದಲೇ ಜನ ತಾವಾಗಿ ಓಡಿಹೋದರಂತೆ. ಕತ್ತಲಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ ಇವತ್ತೇ ಮುಗಿಸಿಬಿಡಿ ಎಂದು ಬೇಡಿಕೊಂಡವರೂ ಇದ್ದರಂತೆ. ಕೆಲವರು ಪ್ರಾಣಿಬಲಿ ಕೊಟ್ಟರು, ಕೆಲವರು ಚಿಟಿಕೆ ಧೂಪ ಹಾಕಿ ಪಾರಾದರು. ಇನ್ನು ಕೆಲವರು ಎರಡನ್ನೂ ಮಾಡದೆ ಲಂಚ ಕೊಟ್ಟು ಪತ್ರವನ್ನಷ್ಟೇ ಕೊಂಡರು. ನಾವು ದೇವರನ್ನು ತೊರೆದಿಲ್ಲವಲ್ಲ, ಕಾಗದ ತಾನೇ ತೆಗೆದುಕೊಂಡದ್ದು ಎಂಬುದು ಅವರ ವಾದ.

251ರಲ್ಲಿ ಡೆಸಿಯಸ್ ಗಾತ್ ಜನಾಂಗದೊಡನೆ ಹೋರಾಡುತ್ತ ಸತ್ತ. ಅಷ್ಟರಲ್ಲಾಗಲೇ ಹಿಂಸೆ ತಣ್ಣಗಾಗಿತ್ತು, ಸೋತವರು ಬಾಗಿಲಿಗೆ ಬಂದು ನಿಂತಿದ್ದರು. ಮತ್ತೆ ಪ್ರಭುಭೋಜನಕ್ಕೆ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದರು. ಒಳಗಿದ್ದವರಿಂದ ಅವರಿಗೆ ಸಿಕ್ಕಿದ್ದು ಮೂರು ಬಗೆಯ ಉತ್ತರ.

ಮೊದಲನೆಯದು ಸೆರೆಮನೆಯಿಂದ ಬಂತು. ಚಿತ್ರಹಿಂಸೆ ಅನುಭವಿಸಿಯೂ ಬಾಗದೆ ಉಳಿದವರಿಗೆ ಸಭೆಯಲ್ಲಿ ಅಪಾರ ಗೌರವವಿತ್ತು. ಸೋತವರು ಅವರ ಬಳಿಗೆ ಹೋಗಿ ಶಾಂತಿಪತ್ರ ಬರೆಸಿಕೊಂಡರು. ನೋವು ತಿಂದವರೇ ಕ್ಷಮಿಸಿದ ಮೇಲೆ ಬೇರೆಯವರದೇನು ತಕರಾರು? ಈ ವಾದದಲ್ಲಿ ತೂಕವಿದೆ. ಆದರೆ ಬರಬರುತ್ತ ಆ ಪತ್ರಗಳಲ್ಲಿ ಹೆಸರುಗಳೂ ಇಲ್ಲದಾದವು. ಇಂಥವನನ್ನು ಅವನ ಕಡೆಯವರೊಂದಿಗೆ ಸೇರಿಸಿಕೊಳ್ಳಿ ಎಂದಿಷ್ಟೇ ಇರುತ್ತಿತ್ತು. ‘ಅವನ ಕಡೆಯವರು’ ಎಂದರೆ ಇಪ್ಪತ್ತು ಜನವೋ ಮೂವತ್ತು ಜನವೋ ಎಂದು ಸಿಪ್ರಿಯನ್ ಕೇಳುತ್ತಾನೆ. ಒಂದು ಕಾಗದದಿಂದ ಆದ ಗಾಯವನ್ನು ಇನ್ನೊಂದು ಕಾಗದದಿಂದ ಮುಚ್ಚುವ ಕೆಲಸ ಅದಾಗಿತ್ತು. ಮುಖವಿಲ್ಲದವರಿಗೆ ಕೊಟ್ಟ ಕ್ಷಮೆಯಲ್ಲಿ ಯಾರೂ ಯಾರನ್ನೂ ಭೇಟಿಯಾಗುವುದಿಲ್ಲ.

ಎರಡನೆಯ ಉತ್ತರ ರೋಮಿನ ಪಾದ್ರಿ ನೊವೇಷಿಯನ್‌ನದು. ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲೇ ಪ್ರಾಣ ಕೊಟ್ಟಿದ್ದ. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಪೀಠ ಖಾಲಿಯಿತ್ತು. ಕೊನೆಗೆ ಕಾರ್ನೇಲಿಯಸ್ ಆಯ್ಕೆಯಾದಾಗ ನೊವೇಷಿಯನ್ ಒಪ್ಪದೆ ತಾನೇ ಎದುರು ಬಿಷಪ್ ಆದ. ಸೋತವರು ಎಷ್ಟು ಅತ್ತರೂ ಸಭೆ ಅವರನ್ನು ಮತ್ತೆ ಒಳಕ್ಕೆ ಕರೆಯಕೂಡದು; ಕ್ಷಮಿಸುವುದಿದ್ದರೆ ದೇವರು ಕ್ಷಮಿಸಲಿ, ಆ ಅಧಿಕಾರ ನಮ್ಮದಲ್ಲ ಎಂಬುದು ಅವನ ಪಕ್ಷದ ನಿಲುವು. ಅವರು ತಮ್ಮನ್ನು ‘ಶುದ್ಧರು’ ಎಂದು ಕರೆದುಕೊಂಡರು.

ನೊವೇಷಿಯನ್‌ನನ್ನು ಕಲ್ಲು ಮನಸ್ಸಿನವನೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ವಾದವನ್ನು ಒಮ್ಮೆ ಒಳಗಿನಿಂದ ನೋಡಿ. ಸತ್ತವರು ಈಗ ಮಾತಾಡಲಾರರು. ಅವರ ಪರವಾಗಿ ಕ್ಷಮಿಸುವ ಹಕ್ಕು ಉಳಿದವರಿಗೆ ಎಲ್ಲಿಂದ ಬಂತು? ಜೀವ ಕೊಟ್ಟವನೂ ಕಾಗದ ಕೊಂಡವನೂ ಕೊನೆಗೆ ಒಂದೇ ಪಂಕ್ತಿಯಲ್ಲಿ ಕೂರುವುದಾದರೆ, ಜೀವ ಕೊಟ್ಟವನು ದಡ್ಡನೇ? ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸಿನ ಪಕ್ಕದಲ್ಲಿ, ಅಂದು ಬಲಿಯ ಮಾಂಸ ತಿಂದು ಬಂದವನು ಕುಳಿತು ಆಮೆನ್ ಎಂದಾಗ ಅವಳಿಗೆ ಏನನ್ನಿಸಬೇಡ? ಈ ಪ್ರಶ್ನೆಗಳಿಗೆ ಮೆತ್ತನೆಯ ಉತ್ತರ ಸಾಲದು.

ಮೂರನೆಯ ಉತ್ತರ ಹುಡುಕಿದವನು ಸಿಪ್ರಿಯನ್. ಅವನ ಪರಿಸ್ಥಿತಿಯೂ ಇಕ್ಕಟ್ಟಿನದು. ಹಿಂಸೆ ಶುರುವಾದಾಗ ಅವನು ಊರು ಬಿಟ್ಟು ಅಡಗಿದ್ದ. ಅಲ್ಲಿಂದಲೇ ಪತ್ರ ಬರೆದು ಸಭೆಯನ್ನು ನಡೆಸಿದ್ದ. ಕುರಿ ಬಿಟ್ಟು ಓಡಿದ ಕುರುಬ ಎಂಬ ಧಾಟಿಯ ಚುಚ್ಚುಮಾತು ರೋಮಿನ ಪಾದ್ರಿಗಳ ಪತ್ರದಲ್ಲಿತ್ತು. ಇದು ನಿಜಕ್ಕೂ ನೀವು ಬರೆದದ್ದೇ ಎಂದು ಕೇಳಿ ಅವನು ಆ ಪತ್ರವನ್ನೇ ವಾಪಸು ಕಳಿಸಿದ. ಹೀಗೆ ತಾನೇ ಮಾತು ಕೇಳಿಸಿಕೊಂಡವನು ಬೇರೆಯವರ ಸೋಲನ್ನು ತೂಗಬೇಕಿತ್ತು.

ಅವನು ಅವಸರ ಮಾಡಲಿಲ್ಲ. 251ರಲ್ಲಿ ಆಫ್ರಿಕಾದ ಬಿಷಪ್ಪರು ಕಾರ್ಥೇಜಿನಲ್ಲಿ ಸೇರಿದಾಗ ಒಂದು ತೀರ್ಮಾನಕ್ಕೆ ಬಂದರು. ಪತ್ರ ಕೊಂಡವರ ವಿಷಯವನ್ನು ಒಬ್ಬೊಬ್ಬರದಾಗಿ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ದೀರ್ಘ ಪ್ರಾಯಶ್ಚಿತ್ತದಲ್ಲಿರುವುದು, ಸಾವು ಹತ್ತಿರವಾದರೆ ಅವರಿಗೂ ಸಮಾಧಾನ ಕೊಡುವುದು. ನನಗೆ ಇಲ್ಲಿ ಮುಖ್ಯವೆನಿಸುವುದು ಶಿಕ್ಷೆಯ ಪಟ್ಟಿಯಲ್ಲ, ‘ಒಬ್ಬೊಬ್ಬರದಾಗಿ’ ಎಂಬ ಮಾತು. ತಾನೊಬ್ಬನೇ ಉಳಿಯಲು ಹೋದವನು ಬೇರೆ, ಹೆಂಡತಿ ಮಕ್ಕಳು ಸಿಕ್ಕಿಬೀಳಬಾರದೆಂದು ಮನೆಮಂದಿಯ ಪರವಾಗಿ ತಾನೇ ಹೋಗಿ ಬಲಿ ಕೊಟ್ಟವನು ಬೇರೆ. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುವುದು ನ್ಯಾಯವಲ್ಲವೆಂದು ಸಿಪ್ರಿಯನ್ ವಾದಿಸಿದ.

ಕಾಪ್ಸಾ ಎಂಬ ಊರಿನ ಮೂವರ ಸಂಗತಿಯನ್ನು ಅವನ ಒಂದು ಪತ್ರ ಹೇಳುತ್ತದೆ: ನೈನಸ್, ಕ್ಲೆಮೆಂಟಿಯಾನಸ್, ಫ್ಲೋರಸ್. ಸ್ಥಳೀಯ ಅಧಿಕಾರಿಯ ಹಿಂಸೆಯನ್ನೂ ಜನರ ದೊಂಬಿಯನ್ನೂ ಅವರು ತಡೆದುಕೊಂಡಿದ್ದರು. ಆಮೇಲೆ ಪ್ರಾಂತಾಧಿಕಾರಿಯ ಮುಂದೆ ದಿನಗಟ್ಟಲೆ ಹಿಂಸೆಯಾದಾಗ ಮೈ ಸೋತಿತು. ಮೂರು ವರ್ಷ ಅಳುತ್ತ ಹೊರಗೆ ನಿಂತಿದ್ದರು. ಇವರನ್ನು ಏನು ಮಾಡಬೇಕೆಂದು ಬಿಷಪ್ಪರು ಕೇಳಿದಾಗ, ಇವರ ಮನಸ್ಸು ಸೋಲಲಿಲ್ಲ, ದೇಹ ಸೋತಿತು, ಸೇರಿಸಿಕೊಳ್ಳಬೇಕು ಎಂಬ ಅರ್ಥದ ಉತ್ತರ ಬರೆದ.

ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟದ್ದು 252-53ರ ಸುಮಾರಿಗೆ. ಹೊಸ ಹಿಂಸೆ ಬರುವ ಸೂಚನೆಗಳಿದ್ದವು. ಆಗ ಸಿಪ್ರಿಯನ್ ಮತ್ತು ಅವನ ಜೊತೆಯ ಬಿಷಪ್ಪರು ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರನ್ನೂ, ಬಲಿ ಕೊಟ್ಟವರನ್ನು ಕೂಡ, ಒಳಗೆ ಸೇರಿಸಿಕೊಂಡರು. ಅವರು ಕೊಟ್ಟ ಕಾರಣವೇ ಈ ಇಡೀ ಜಗಳದ ತಿರುಳು ಎಂದು ನನಗೆ ತೋರುತ್ತದೆ. ನಾಳೆ ಮತ್ತೆ ಪರೀಕ್ಷೆ ಬಂದರೆ ಇವರು ಎದೆಗೊಟ್ಟು ನಿಲ್ಲಬೇಕು ತಾನೇ? ನಿಲ್ಲುವ ಬಲ ಎಲ್ಲಿಂದ ಬರುತ್ತದೆ? ಕ್ರಿಸ್ತನ ಮೇಜಿನಿಂದ. ಆ ರೊಟ್ಟಿ, ಆ ಪಾತ್ರೆಯನ್ನು ಕೊಡದೆ, ಹೋಗಿ ಕ್ರಿಸ್ತನಿಗಾಗಿ ರಕ್ತ ಸುರಿಸು ಎಂದು ಹೇಳುವುದು ಹೇಗೆ?

ನೊವೇಷಿಯನ್‌ಗೆ ಕೊಡಬಹುದಾದ ಗಟ್ಟಿ ಉತ್ತರ ಇದೇ. ಅವನ ಲೆಕ್ಕದಲ್ಲಿ ಧೈರ್ಯವೆಂಬುದು ಸಭೆಗೆ ಪ್ರವೇಶ ಶುಲ್ಕ. ಸಿಪ್ರಿಯನ್ ಕಂಡುಕೊಂಡ ಲೆಕ್ಕದಲ್ಲಿ ಧೈರ್ಯ ಸಭೆಯಿಂದ ಸಿಗುವಂಥದ್ದು. ಮನುಷ್ಯ ಒಂಟಿಯಾಗಿ ಧೀರನಾಗುವುದಿಲ್ಲ. ತನಗೊಂದು ಜಾಗವಿದೆ, ತನ್ನನ್ನು ಹೆಸರು ಹಿಡಿದು ಕರೆಯುವವರಿದ್ದಾರೆ ಎಂಬ ಭರವಸೆಯಿಂದ ಧೀರನಾಗುತ್ತಾನೆ. ಪೇತ್ರನ ಕತೆ ನಮಗೆ ಗೊತ್ತಿದ್ದದ್ದೇ. ಕೋಳಿ ಕೂಗುವ ಮೊದಲು ಮೂರು ಸಲ ‘ಅವನನ್ನು ನಾನರಿಯೆ’ ಎಂದವನು. ಯೊವಾನ್ನನ ಸುವಾರ್ತೆಯ ಕೊನೆಯಲ್ಲಿ ಯೇಸು ಅವನಿಗೆ ಕೆರೆಯ ದಡದಲ್ಲಿ ಬೆಳಗಿನ ಊಟ ಕೊಡುತ್ತಾನೆ. ಮೂರು ಸಲದ ಪ್ರಶ್ನೆ ಬರುವುದು ಊಟವಾದ ಮೇಲೆ. ಪೇತ್ರನ ಧೈರ್ಯ ಅದಕ್ಕೂ ಎಷ್ಟೋ ಆಮೇಲಿನದು.

ಹಾಗಾದರೆ ಕಳೆದುಕೊಂಡವರ ನೋವಿಗೆ ಬೆಲೆಯಿಲ್ಲವೇ? ಇದೆ. ಆದ್ದರಿಂದಲೇ ಪ್ರಾಯಶ್ಚಿತ್ತವಿತ್ತು, ಕಾಯುವ ವರ್ಷಗಳಿದ್ದವು. ಕ್ಷಮೆಯೆಂದರೆ ಏನೂ ಆಗಿಲ್ಲ ಎನ್ನುವುದಲ್ಲ. ಏನಾಯಿತೆಂದು ಎಲ್ಲರೆದುರು ಒಪ್ಪಿಕೊಂಡ ಮೇಲೆ ಅಲ್ಲಿಂದ ಮುಂದಕ್ಕೆ ಹೋಗುವುದು. ಬಾಗಿಲಲ್ಲಿ ನಿಂತು ಅಳುವವನನ್ನು ಆ ಹೆಂಗಸು ವಾರವಾರವೂ ನೋಡುತ್ತಾಳೆ. ತನ್ನವನ ಸಾವನ್ನು ಈ ಸಭೆ ಅಗ್ಗ ಮಾಡಿಲ್ಲವೆಂದು ಅವಳಿಗೆ ತಿಳಿಯುತ್ತದೆ. ಆದರೆ ಅವನ ಮಟ್ಟಿಗೆ ಬಾಗಿಲು ಎಂದೆಂದಿಗೂ ಮುಚ್ಚಿಯೇ ಇದ್ದರೆ, ಅವಳ ಗಂಡ ಸತ್ತದ್ದು ಯಾವ ನಂಬಿಕೆಗಾಗಿಯೋ ಆ ನಂಬಿಕೆಯಲ್ಲೇ ಏನೋ ಒಣಗಿಹೋಗುತ್ತದೆ.

ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಸಿಯಸ್ ಹೇಳಿದ ಒಂದು ಘಟನೆಯನ್ನು ಇತಿಹಾಸಕಾರ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಸೆರಾಪಿಯನ್ ಎಂಬ ಮುದುಕ ಹಿಂಸೆಯ ಕಾಲದಲ್ಲಿ ಬಲಿ ಕೊಟ್ಟಿದ್ದ. ಆಮೇಲೆ ಎಷ್ಟು ಬೇಡಿದರೂ ಯಾರೂ ಕಿವಿಗೊಡಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದವನು ನಾಲ್ಕನೆಯ ದಿನ ಎಚ್ಚರಗೊಂಡು, ಪಾದ್ರಿಯನ್ನು ಕರೆತಾ ಎಂದು ಮೊಮ್ಮಗನನ್ನು ಕಳಿಸಿದ. ರಾತ್ರಿಯ ಹೊತ್ತು, ಪಾದ್ರಿಗೂ ಹುಷಾರಿರಲಿಲ್ಲ. ಸಾಯುವವರು ಕೇಳಿದರೆ ಇಲ್ಲವೆನ್ನಬಾರದೆಂದು ಡಯೊನೀಸಿಯಸ್ ಮೊದಲೇ ಹೇಳಿಟ್ಟಿದ್ದ. ಹಾಗಾಗಿ ಪಾದ್ರಿ ಪ್ರಸಾದದ ಒಂದು ಚೂರನ್ನು ಹುಡುಗನ ಕೈಗೆ ಕೊಟ್ಟು, ನೆನೆಸಿ ತಾತನ ಬಾಯಿಗೆ ಬಿಡು ಎಂದ. ಹುಡುಗ ಹಾಗೆಯೇ ಮಾಡಿದ. ಮುದುಕ ಅದನ್ನು ನುಂಗಿ ಪ್ರಾಣ ಬಿಟ್ಟ. ನೊವೇಷಿಯನ್ ಕಡೆಗೆ ವಾಲಿದ್ದ ಅಂತಿಯೋಕ್ಯದ ಬಿಷಪ್ಪನಿಗೆ ಡಯೊನೀಸಿಯಸ್ ಇದನ್ನು ಬರೆದದ್ದು. ವಾದ ಮಾಡುವ ಬದಲು ಒಬ್ಬ ಮುದುಕನ ಸಾವನ್ನು ಹೇಳಿ ಸುಮ್ಮನಾದ.

ಇದೆಲ್ಲ ಇವತ್ತಿಗೆ ಏಕೆ ಎಂದು ಕೇಳಬಹುದು. ನಮ್ಮಲ್ಲಿ ಹೆಚ್ಚಿನವರನ್ನು ಯಾರೂ ಅಖಾಡಕ್ಕೆ ಎಳೆಯುವುದಿಲ್ಲ. ಆದರೆ ಕಾಗದಗಳು ಬರುತ್ತಲೇ ಇರುತ್ತವೆ. ಒಂದು ಕಾಲೇಜಿನಲ್ಲೋ ಕಚೇರಿಯಲ್ಲೋ ಅನ್ಯಾಯವಾದಾಗ ಹತ್ತು ಜನ ದನಿಯೆತ್ತುತ್ತಾರೆ. ವಾರ ಕಳೆಯುವುದರೊಳಗೆ ಎಂಟು ಜನ ತಪ್ಪೊಪ್ಪಿಗೆ ಬರೆದುಕೊಟ್ಟು ಹಿಂದೆ ಸರಿಯುತ್ತಾರೆ. ಉಳಿದಿಬ್ಬರು ಬೆಲೆ ತೆರುತ್ತಾರೆ. ಆ ಎಂಟು ಜನರಲ್ಲಿ ಒಬ್ಬನ ಅಪ್ಪ ಸಾಲ ಮಾಡಿ ಓದಿಸುತ್ತಿರಬಹುದು, ಇನ್ನೊಬ್ಬಳಿಗೆ ಮನೆಗೆ ವಾಪಸು ಕರೆಸಿಕೊಂಡು ಮದುವೆ ಮಾಡಿಬಿಡುತ್ತಾರೆಂಬ ಭಯವಿರಬಹುದು, ಮತ್ತೊಬ್ಬನಿಗೆ ಬರೀ ಅನುಕೂಲ ಬೇಕಿತ್ತು. ನಾವು ಎಲ್ಲರಿಗೂ ‘ಹೇಡಿಗಳು’ ಎಂಬ ಒಂದೇ ಹೆಸರಿಟ್ಟು ವಾಟ್ಸಾಪ್ ಗುಂಪಿನಿಂದ ತೆಗೆದುಹಾಕುತ್ತೇವೆ. ಮುಂದಿನ ಸಲ ದನಿಯೆತ್ತಲು ಇಬ್ಬರೇ ಉಳಿದಾಗ ಆಶ್ಚರ್ಯಪಡುತ್ತೇವೆ.

ನಾನು ಹೋಗುವ ದೇವಾಲಯದಲ್ಲೂ ಎಷ್ಟೋ ವರ್ಷಗಳ ನಂತರ ಹಿಂತಿರುಗಿ ಬಂದವರನ್ನು ನೋಡಿದ್ದೇನೆ. ಅವರು ಸಾಮಾನ್ಯವಾಗಿ ಕೊನೆಯ ಬೆಂಚಿನ ತುದಿಯಲ್ಲಿ, ಬಾಗಿಲ ಪಕ್ಕ ಕೂರುತ್ತಾರೆ. ಏಕೆ ಹೋದರು, ಏಕೆ ಬಂದರು ಎಂಬುದು ಅವರಿಗೇ ಗೊತ್ತು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಗುಂಪುಗಳು ಸೇರುತ್ತವೆ, ಅವರು ನೇರ ಗೇಟಿನ ಕಡೆ ನಡೆಯುತ್ತಾರೆ. ಆ ಅಂಗಳ ದಾಟುವ ಅರ್ಧ ನಿಮಿಷದಲ್ಲಿ ನಾವು ನೊವೇಷಿಯನ್ ಪಕ್ಷದವರೋ ಸಿಪ್ರಿಯನ್ ಪಕ್ಷದವರೋ ಎಂಬುದು ತೀರ್ಮಾನವಾಗುತ್ತದೆ. ಅದಕ್ಕೆ ಯಾವ ಸಮ್ಮೇಳನವೂ ಬೇಕಿಲ್ಲ. ಯಾರಾದರೊಬ್ಬರು ಹೋಗಿ, ‘ಚೆನ್ನಾಗಿದ್ದೀರಾ? ಬನ್ನಿ, ಕಾಫಿ ಕುಡಿದು ಹೋಗಿ’ ಎಂದರೆ ಸಾಕು.

‘ಶುದ್ಧರ’ ಸಭೆ ನೊವೇಷಿಯನ್ ನಂತರವೂ ಶತಮಾನಗಳ ಕಾಲ ಉಳಿಯಿತು. 325ರ ನೈಸೀಯ ಸಮ್ಮೇಳನಕ್ಕೆ ಬಂದಿದ್ದ ಅವರ ಬಿಷಪ್ ಅಸೀಸಿಯಸ್ ತನ್ನವರ ಕಟ್ಟುನಿಟ್ಟನ್ನು ವಿವರಿಸಿದಾಗ, ಹಾಗಾದರೆ ಒಂದು ಏಣಿ ಹಾಕಿಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತು ಎಂದು ಚಕ್ರವರ್ತಿ ಕಾನ್ಸ್ಟಂಟೈನ್ ಹೇಳಿದನೆಂದು ಚರಿತ್ರೆಕಾರ ಸಾಕ್ರಟೀಸ್ ಬರೆದಿದ್ದಾನೆ. ಇತ್ತ ಸಿಪ್ರಿಯನ್‌ಗೂ ಮತ್ತೆ ಪರೀಕ್ಷೆ ಬಂತು. ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, 258ರ ಸೆಪ್ಟೆಂಬರ್ 14ರಂದು, ಕಾರ್ಥೇಜಿನಲ್ಲಿ ಅವನ ತಲೆ ಕಡಿದರು. ಎಂಟು ವರ್ಷ ಹಿಂದೆ ಅಡಗಿದ್ದವನು ಈ ಸಲ ಸಾವಿಗೆ ಎದೆಗೊಟ್ಟ. ಅವನ ಜನ ಗುಂಪುಗುಂಪಾಗಿ ಜೊತೆಗೆ ನಡೆದುಬಂದಿದ್ದರು. ಒಮ್ಮೆ ಹೆದರಿ, ಅತ್ತು, ಅವನ ಕೈಯಿಂದಲೇ ಮತ್ತೆ ರೊಟ್ಟಿ ಪಡೆದವರೂ ಆ ಗುಂಪಿನಲ್ಲಿ ಇದ್ದಿರಲೇಬೇಕು ಎಂದುಕೊಳ್ಳುತ್ತೇನೆ.